ಮೂರು ಪ್ಲೇಯರುಗಳು ಮತ್ತು ಮಾವನ ಕಿವಿ

ಚನ್ನರಾಯಪಟ್ಟಣದಿಂದ ಹಾಸನಕ್ಕೆ ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬರುವಾಗ ನನ್ನ ಬ್ಯಾಗಿನಲ್ಲಿ ಊಟದ ಡಬ್ಬಿಯ ಪಕ್ಕ ಮೂರು ಮ್ಯೂಸಿಕ್ ಪ್ಲೇಯರುಗಳಿರುತ್ತಿದ್ದವು. ಹಾಡನ್ನು ಫೋನಿನಲ್ಲೇ ಕೇಳಬಹುದಲ್ಲ ಎಂದು ಆಫೀಸಿನವರು ನಗುತ್ತಿದ್ದರು. ಕೇಳಬಹುದು. ಆದರೆ ಯಾರಾದರೂ ಕರೆ ಮಾಡಿದರೆ ಹಾಡು ಅರ್ಧಕ್ಕೆ ನಿಲ್ಲುತ್ತದೆ. ಅದು ಹೋಗಲಿ, ಫೋನಿನ ದನಿಯೇ ನನಗೆ ಹಿಡಿಸುತ್ತಿರಲಿಲ್ಲ. ಮೂರರಲ್ಲಿ ಒಂದು ಕಾಲೇಜಿನ ದಿನಗಳದು, ಬೆಂಕಿಪೊಟ್ಟಣದಷ್ಟು ಚಿಕ್ಕದು. ಇನ್ನೊಂದು ತುಂಬಾ ದಿನ ಆಸೆಪಟ್ಟು ಕೊಂಡದ್ದು, ಕಲ್ಲಿನಂತೆ ಭಾರ. ಮೂರನೆಯದು ಹಾಸನದ ಬಸ್ ಸ್ಟ್ಯಾಂಡಿನ ಹತ್ತಿರ ಸುಮ್ಮನೆ ಕುತೂಹಲಕ್ಕೆ ತೆಗೆದುಕೊಂಡ ಅಗ್ಗದ ಪ್ಲಾಸ್ಟಿಕ್ಕಿನದು.

ಒಂದೇ ಹಾಡನ್ನು ಮೂರರಲ್ಲೂ ಹಾಕಿ ಹೋಲಿಸುವುದು ನನಗೊಂದು ಚಟವಾಗಿತ್ತು. ಬಸ್ಸು ಶಾಂತಿಗ್ರಾಮ ಮುಟ್ಟುವಷ್ಟರಲ್ಲಿ ಇಯರ್‌ಫೋನನ್ನು ಒಂದರಿಂದ ಕಿತ್ತು ಇನ್ನೊಂದಕ್ಕೆ ಎಷ್ಟೋ ಸಲ ಸಿಕ್ಕಿಸಿರುತ್ತಿದ್ದೆ. ದೊಡ್ಡದರಲ್ಲಿ ತಂಬೂರಿ ಎದೆಯವರೆಗೆ ಇಳಿಯುತ್ತಿತ್ತು. ಚಿಕ್ಕದರಲ್ಲಿ ಹಾಡುವವರು ಪಕ್ಕದ ಸೀಟಿನಲ್ಲೇ ಕೂತು ಉಸಿರು ಎಳೆದುಕೊಂಡಂತೆ. ಅಗ್ಗದ್ದರಲ್ಲಿ ಸಣ್ಣ ದನಿಗಳೇ ಮುಂದಾಗಿ ಎಲ್ಲವೂ ಕಿವಿಗೆ ಚುಚ್ಚುವಂತಿತ್ತು. ಇವುಗಳಲ್ಲಿ ಯಾವುದು ನಿಜವಾದ ದನಿ ಎಂದು ತೀರ್ಮಾನಿಸಲಾಗದೆ ಚಡಪಡಿಸುತ್ತಿದ್ದೆ. ಆ ವರ್ಷ ಒಂದು ಹಾಡನ್ನಾದರೂ ಪೂರ್ತಿ ಕೇಳಿದ ನೆನಪು ನನಗಿಲ್ಲ.

ಚಡಪಡಿಕೆಗೆ ಪ್ಲೇಯರುಗಳಷ್ಟೇ ಕಾರಣವಲ್ಲ ಎಂಬುದು ನನ್ನ ಗಂಡನಿಗೆ ಗೊತ್ತಿತ್ತು. ನಾವು ಇಷ್ಟಪಟ್ಟು ಮದುವೆಯಾದವರು. ನನ್ನ ತವರು ಹೊಳೆನರಸೀಪುರದ ಕಡೆ, ಹೊಲಗದ್ದೆ ಮಾಡುವ ಮನೆ, ಹಬ್ಬದ ಮಾರನೆಯ ದಿನ ಕೋಳಿಸಾರು ಬೇಯುವ ಮನೆ. ಗಂಡನದು ಕೊರಳಲ್ಲಿ ಲಿಂಗ ಧರಿಸುವವರ ಮನೆ. ಅತ್ತೆ ನಾನು ಬರುವ ಮೊದಲೇ ತೀರಿಹೋಗಿದ್ದರು. ಮನೆಯಲ್ಲಿ ಮಾವ, ಗಂಡ, ನಾನು, ಮೂರೇ ಜನ. ಮಾವ ಅರಕಲಗೂಡು ತಾಲ್ಲೂಕಿನ ಕೊಣನೂರು ಕಡೆಯಿಂದ ಬಂದು ಇಲ್ಲಿ ತೆಂಗಿನಕಾಯಿ ವ್ಯಾಪಾರಕ್ಕೆ ನಿಂತವರು. ಅಂಗಡಿಯ ಹಿಂದೆ ಎಣ್ಣೆ ಮಿಲ್ಲನ್ನೂ ಬಹಳ ವರ್ಷ ನಡೆಸಿದ್ದರು. ಮದುವೆಗೆ ಅವರು ಅಡ್ಡ ಬರಲಿಲ್ಲ, ಬೇಡ ಎನ್ನಲಿಲ್ಲ. ಆದರೆ ನಾನು ಕರೆದರೆ ತಿರುಗಿ ನೋಡುತ್ತಿರಲಿಲ್ಲ.

ಕಾಫಿ ತಂದಿದ್ದೇನೆ ಎಂದರೆ ಪೇಪರಿನಿಂದ ಕಣ್ಣೆತ್ತರು. ಊಟಕ್ಕೆ ಏಳಿ ಎಂದರೆ ಕೂತೇ ಇರುವರು. ಅದೇ ಮಾತನ್ನು ಒಳಗಿನಿಂದ ಗಂಡ ಹೇಳಿದರೆ ತಕ್ಷಣ ಎದ್ದು ಕೈತೊಳೆಯಲು ಹೋಗುವರು. ಅವರು ನನ್ನನ್ನು ಸೊಸೆಯೆಂದು ಒಪ್ಪಿಕೊಂಡಿಲ್ಲ ಎಂದು ನಾನು ನಿರ್ಧರಿಸಿಬಿಟ್ಟಿದ್ದೆ. ಅಪ್ಪನ ಸ್ವಭಾವವೇ ಹಾಗೆ ಎಂದು ಗಂಡ ಸಮಾಧಾನ ಹೇಳುತ್ತಿದ್ದ. ಅದರಿಂದ ಸಮಾಧಾನವಾಗುತ್ತಿರಲಿಲ್ಲ. ಸಂಜೆ ಬಸ್ಸಿಳಿದು ಮನೆ ಹತ್ತಿರವಾದಂತೆ ನನ್ನ ಕಾಲು ನಿಧಾನವಾಗುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಕರೆಂಟು ಹೋಗಿತ್ತು. ಗಂಡ ಅಂಗಡಿಯಲ್ಲಿದ್ದ. ಟೀವಿ ಇಲ್ಲದೆ ಮಾವ ನಡುಮನೆಯಲ್ಲಿ ಬಾಗಿಲು ನೋಡುತ್ತಾ ಕೂತಿದ್ದರು. ನಾನು ಅವರೆದುರಿನ ದಿವಾನದ ಮೇಲೆ ಪ್ಲೇಯರುಗಳನ್ನು ಹರಡಿಕೊಂಡಿದ್ದೆ. ಅವರ ದೃಷ್ಟಿ ಆಗಾಗ ಇತ್ತ ಬರುತ್ತಿತ್ತು. ಹಳ್ಳಿಯವರು ಸೇರಿ ಹಾಡಿದ ಒಂದು ತತ್ವಪದದ ಭಜನೆ ನನ್ನ ಬಳಿ ಇತ್ತು. ಮಾವ ಪ್ರಾಯದಲ್ಲಿ ಭಜನೆ ಮೇಳದಲ್ಲಿ ತಾಳ ಹಾಕುತ್ತಿದ್ದರೆಂದು ಗಂಡ ಹೇಳಿದ್ದ. ಏನಾದರಾಗಲಿ ಎಂದು ದೊಡ್ಡ ಪ್ಲೇಯರಿನಲ್ಲಿ ಆ ಭಜನೆ ಹಾಕಿ, ಹೆಡ್‌ಫೋನನ್ನು ಅವರ ಕೈಗೆ ಕೊಟ್ಟೆ. ಬೇಡ ಎನ್ನದೆ ತಲೆಗೆ ಏರಿಸಿಕೊಂಡರು. ಸ್ವಲ್ಪ ಹೊತ್ತು ಕೇಳಿ ಹುಬ್ಬು ಗಂಟಿಕ್ಕಿದರು.

"ಇದ್ರಲ್ಲಿ ತಾಳ ಆಕಿಲ್ವೇನಮ್ಮ?"

ನನಗೆ ಅರ್ಥವಾಗಲಿಲ್ಲ. ತೆಗೆದುಕೊಂಡು ಕೇಳಿದೆ. ತಾಳ ಗಣಗಣ ಎನ್ನುತ್ತಿತ್ತು. ಚಿಕ್ಕದರಲ್ಲಿ ಹಾಕಿಕೊಟ್ಟೆ, ಇಲ್ಲವೆಂದು ತಲೆಯಾಡಿಸಿದರು. ಕೊನೆಗೆ ಅಗ್ಗದ್ದನ್ನು ಕೊಟ್ಟಾಗ ಅವರ ಮುಖ ಸಡಿಲಾಯಿತು, ಬೆರಳು ಮೊಣಕಾಲಿನ ಮೇಲೆ ಕುಟ್ಟತೊಡಗಿತು.

"ಇದ್ರಲ್ಲಿ ಐತೆ ನೋಡು," ಎಂದರು.

ದೊಡ್ಡದೇ ಕೆಟ್ಟಿದೆಯೋ ಎಂದು ಮೊದಲು ನನ್ನ ಅನುಮಾನ ಪ್ಲೇಯರಿನ ಮೇಲೇ ಹೋಯಿತು. ಆಮೇಲೆ, ಇಯರ್‌ಫೋನುಗಳನ್ನು ಪರೀಕ್ಷಿಸಲು ಇಟ್ಟುಕೊಂಡಿದ್ದ ಒಂದು ಸದ್ದು ನೆನಪಾಯಿತು. ಅದು ಹಾಡಲ್ಲ. ದಪ್ಪ ದನಿಯಲ್ಲಿ ಶುರುವಾಗಿ ಮೇಲೇರುತ್ತಾ ಸಣ್ಣಗಾಗಿ ಸೊಳ್ಳೆಯ ದನಿಯಂತಾಗಿ ಮುಗಿಯುವ ಒಂದೇ ಎಳೆಯ ಸದ್ದು. ಕವಲು ವೈರಿನಿಂದ ಒಂದೇ ಪ್ಲೇಯರಿಗೆ ಎರಡು ಇಯರ್‌ಫೋನು ಸಿಕ್ಕಿಸಿ, ಒಂದನ್ನು ಅವರಿಗೆ ಕೊಟ್ಟು ಇನ್ನೊಂದನ್ನು ನಾನು ಹಾಕಿಕೊಂಡೆ. ಕೇಳುವುದು ನಿಂತ ಕೂಡಲೇ ಕೈ ಎತ್ತಿ ಎಂದು ಸನ್ನೆ ಮಾಡಿ ತೋರಿಸಿದೆ.

ಸದ್ದು ಇನ್ನೂ ಅರ್ಧ ದಾರಿಯಲ್ಲಿರುವಾಗಲೇ ಮಾವ ಕೈ ಎತ್ತಿದರು. ನನಗೆ ಅದು ಕೇಳುತ್ತಲೇ ಇತ್ತು, ಏರುತ್ತಲೇ ಇತ್ತು. ಎತ್ತಿದ ಕೈ ಹಾಗೇ ಇಟ್ಟುಕೊಂಡು ಅವರು ನನ್ನ ಮುಖ ನೋಡುತ್ತಿದ್ದರು.

"ಇನ್ನೂ ಕೇಳ್ತೈತಾ ನಿಂಗೆ?"

ಹೌದೆಂದು ತಲೆಯಾಡಿಸಿದೆ. ಅವರು ಮೆಲ್ಲಗೆ ಕೈ ಇಳಿಸಿ ತೊಡೆಯ ಮೇಲಿಟ್ಟುಕೊಂಡರು. ನನ್ನದು ಸಣ್ಣ ದನಿ. ಚಿಕ್ಕಂದಿನಲ್ಲಿ ಸ್ಕೂಲಿನಲ್ಲಿ ಕೀರಲು ದನಿಯವಳು ಎಂದು ರೇಗಿಸುತ್ತಿದ್ದರು. ಅವರ ಮಗನದು ಅವರಂತೆಯೇ ದಪ್ಪ ಕಂಠ. ಅಷ್ಟು ದಿನದ ಕಾಫಿ, ಊಟ, ಪೇಪರು ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದು ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ, ಮಾಡಲು ಏನೂ ಕೆಲಸವಿಲ್ಲದೆ, ತೊಳೆದಿಟ್ಟಿದ್ದ ಲೋಟಗಳನ್ನೇ ಮತ್ತೆ ತೊಳೆದೆ.

ಮಾವನಿಗೆ ಸಣ್ಣ ದನಿ ಕೇಳುವುದಿಲ್ಲ ಎಂದು ಗಂಡನಿಗೆ ಹೇಳಿದಾಗ ಅವನು ನಂಬಲಿಲ್ಲ, ತನ್ನ ಜೊತೆ ಚೆನ್ನಾಗಿಯೇ ಮಾತಾಡುತ್ತಾರಲ್ಲ ಎಂದ. ಕಿವಿಗೆ ಯಂತ್ರ ಹಾಕಿಸೋಣವೆಂದರೆ ಮಾವನಿಗೆ ಅವಮಾನ. ಮುದುಕರು ಹಾಕಿಕೊಳ್ಳುವುದು ಅದು ಎಂದು ಎಷ್ಟೋ ವಾರ ಮುಂದೂಡಿದರು. ಕೊನೆಗೆ ಒಂದು ದಿನ ತಾವಾಗಿಯೇ ಬಿಳಿ ಶರ್ಟು ಹಾಕಿಕೊಂಡು ನನ್ನ ಬಸ್ಸಿಗೇ ಹೊರಟು ನಿಂತರು. ಹಾಸನದಲ್ಲಿ ಕಿವಿ ಪರೀಕ್ಷೆ ಮಾಡಿದವರು ಕಾಗದದ ಮೇಲೆ ಗೆರೆಯೊಂದನ್ನು ತೋರಿಸಿದರು. ದಪ್ಪ ದನಿಗಳ ಕಡೆ ನೆಟ್ಟಗಿದ್ದ ಗೆರೆ ಸಣ್ಣ ದನಿಗಳ ಕಡೆ ಹೊರಳುತ್ತಲೇ ಹಳ್ಳಕ್ಕೆ ಬಿದ್ದಂತೆ ಇಳಿದಿತ್ತು. ಮಿಲ್ಲಿನ ಸದ್ದು, ವಯಸ್ಸು, ಎರಡೂ ಸೇರಿರಬಹುದು ಎಂದರು.

ಯಂತ್ರ ಬಂದ ಮೇಲೆ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಫ್ಯಾನಿನ ಸದ್ದು, ಪೇಪರು ಮಡಿಚುವ ಸದ್ದು, ಒಗ್ಗರಣೆಯ ಚಟಪಟ, ಎಲ್ಲದಕ್ಕೂ ಮಾವ ಬೆಚ್ಚಿಬೀಳುತ್ತಿದ್ದರು. ತಲೆನೋವೆಂದು ಬಿಚ್ಚಿ ಜೇಬಿಗೆ ಹಾಕಿಕೊಳ್ಳುವರು. ಹಾಸನಕ್ಕೆ ಮತ್ತೆ ಮತ್ತೆ ಹೋಗಿ ಅದರ ದನಿ ಹೆಚ್ಚುಕಡಿಮೆ ಮಾಡಿಸಿದೆವು. ಯಂತ್ರ ಹಾಕಿಕೊಂಡಾಗ ಅಗ್ಗದ ಪ್ಲೇಯರಿನ ಭಜನೆ ಅವರಿಗೆ ತಗಡು ಬಡಿದಂತೆ ಕೇಳಿತು. ಅವರಿಗೆ ಕೇಳಲಿ ಎಂದು ಜೋರಾಗಿ ಮಾತಾಡುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಒಂದು ಬೆಳಿಗ್ಗೆ ಅವರು ಪೇಪರಿನಿಂದ ತಲೆಯೆತ್ತಿದರು.

"ಯಾಕಮ್ಮ ಅಂಗೆ ಕಿರುಚ್ತೀಯ? ಕೇಳ್ತೈತೆ."

ಬೈಗುಳವಾದರೂ ಅಂದು ಬಸ್ಸಿನಲ್ಲಿ ಅದನ್ನೇ ನೆನೆದು ಒಬ್ಬಳೇ ನಕ್ಕೆ.

ಆಮೇಲೆ ನನ್ನ ಅಮ್ಮ ಹೊಳೆನರಸೀಪುರದಿಂದ ಬಂದಳು, ಮದುವೆಯಾದ ಮೇಲೆ ಮೊದಲ ಸಲ. ಅಮ್ಮನದೂ ನನ್ನಂಥದೇ ದನಿ. ಚೆನ್ನಾಗಿದ್ದೀರಾ ಎಂದು ಮಾವನನ್ನು ಕೇಳಿದಳು. ಅವರು ಗೋಡೆ ನೋಡುತ್ತಾ ಕೂತಿದ್ದರು, ಕಿವಿ ಖಾಲಿ. ಅಮ್ಮನ ಮುಖ ಸಪ್ಪಗಾಯಿತು. ನಾನು ಯಂತ್ರದ ಡಬ್ಬಿ ತಂದು ಅವರ ಮುಂದೆ ಹಿಡಿದೆ.

"ಚಾರ್ಜ್ ಇರ್ನಿಲ್ಲ ಕಣಮ್ಮ," ಎಂದರು.

ಚಾರ್ಜ್ ತುಂಬಿದಾಗ ಹತ್ತುವ ಡಬ್ಬಿಯ ಹಸಿರು ದೀಪ ಹತ್ತಿಯೇ ಇತ್ತು. ಅವರಿಗೂ ಕಾಣುತ್ತಿತ್ತು. ನಾನು ಡಬ್ಬಿಯನ್ನು ಅಲ್ಲೇ ಇಟ್ಟು ಒಳಗೆ ಹೋದೆ. ಊಟ ಬಡಿಸುವಾಗ ಸಾರು ಚೆಲ್ಲಿದೆ. ಇಷ್ಟು ದಿನ ಕಿವಿಯದೇ ತಪ್ಪು ಎಂದುಕೊಂಡು ನೆಮ್ಮದಿಯಾಗಿದ್ದವಳಿಗೆ ಈಗ ಮತ್ತೆ ಏನೂ ಗೊತ್ತಿಲ್ಲದಂತಾಯಿತು.

ಸಂಜೆ ಅಮ್ಮ ಹೊರಟಾಗ ಮಾವ ಎದ್ದರು. ಡಬ್ಬಿಯಿಂದ ಯಂತ್ರ ತೆಗೆದು ಎರಡೂ ಕಿವಿಗೆ ಹಾಕಿಕೊಂಡು, ಅಮ್ಮನ ಬ್ಯಾಗನ್ನು ತಾವೇ ಹಿಡಿದರು. ಬಸ್ ಸ್ಟ್ಯಾಂಡಿನವರೆಗೆ ನಮ್ಮಿಬ್ಬರಿಗಿಂತ ಮುಂದೆ ನಡೆದರು. ಹೊಳೆನರಸೀಪುರದ ಬಸ್ಸಿಗೆ ಕಾಯುತ್ತಾ ನಿಂತಾಗ ಅವರೇ ಬಾಯಿಬಿಟ್ಟರು.

"ನಿಮ್ ಕಡೆ ರಾಗಿ ಎಂಗೈತೆ ಈ ಸಲ?"

ಅಮ್ಮ ಹೇಳತೊಡಗಿದಳು. ರಾಗಿಯಿಂದ ಭತ್ತಕ್ಕೆ, ಭತ್ತದಿಂದ ಕಾಲುವೆ ನೀರಿಗೆ, ಅಲ್ಲಿಂದ ತನ್ನ ಮಂಡಿನೋವಿಗೆ ಬಂದಳು. ಮಾವ ಅವಳ ಕಡೆಗೆ ಬಾಗಿ ಹೂಂಗುಟ್ಟುತ್ತಾ ಕೇಳಿಸಿಕೊಂಡರು. ಮನೆಯಲ್ಲಿ ಆಡದ ಮಾತನ್ನು ಬಸ್ ಸ್ಟ್ಯಾಂಡಿನಲ್ಲಿ ಯಾಕೆ ಆಡಿದರು? ನಾಚಿಕೆಯೋ, ಹಳೆಯ ಬಿಗುವೋ, ಬೀಗಿತ್ತಿಯ ಮುಂದೆ ಯಂತ್ರ ಹಾಕಿಕೊಳ್ಳುವ ಸಂಕೋಚವೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಬಸ್ಸು ಹೋದ ಮೇಲೆ ಕೇಳೇಬಿಡೋಣ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ರಸ್ತೆ ದಾಟುವಲ್ಲಿ ಅವರು ಕೈ ಅಡ್ಡ ಹಿಡಿದು ನನ್ನನ್ನು ನಿಲ್ಲಿಸಿದರು, ಕಾಯಿ ತುಂಬಿದ ಲಾರಿಯೊಂದು ಹೋಗಲು ಬಿಟ್ಟು ದಾಟೋಣ ಎಂದರು. ದಾಟಿದೆವು. ನಾನು ಕೇಳಲಿಲ್ಲ.