ನುಣುಪು ಬಟ್ಟೆ

ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಆಯಾ ಆಗಿದ್ದ ಇಂದ್ರಾಬಾಯಿಗೆ ಒಂದು ಹೆಸರಿತ್ತು. ಅವಳ ಪಾಳಿಯಲ್ಲಿ ಯಾವ ಕೂಸೂ ಒದ್ದೆ ಬಟ್ಟೆಯ ಮೇಲೆ ಮಲಗುತ್ತಿರಲಿಲ್ಲ. ಕೆಲಸ ಬಿಟ್ಟು ಮುಂಬಯಿಯ ಆಂಟಾಪ್ ಹಿಲ್‌ನ ಕೋಣೆಯಲ್ಲಿ ಒಬ್ಬಳೇ ಆದಮೇಲೆ ಒಂದು ಜೊತೆ ಫಿಂಚ್ ಹಕ್ಕಿ ತಂದಳು. ಗುಬ್ಬಿಗಿಂತ ಚಿಕ್ಕವು, ಕೆಂಪು ಕೊಕ್ಕಿನವು. ಮಳೆ ಹಿಡಿದ ಹೊತ್ತಿಗೆ ಮೂರು ಮೊಟ್ಟೆಯಲ್ಲಿ ಒಂದು ಒಡೆದು, ಹುಣಸೆ ಬೀಜದಷ್ಟು ಮರಿ ಹೊರಬಂತು.

ಗೂಡಿನ ಬುಟ್ಟಿಯಲ್ಲಿ ಹುಲ್ಲೆಲ್ಲ ಹಿಕ್ಕೆ. ಇಂದ್ರಾಬಾಯಿಗೆ ನೋಡಲಾಗಲಿಲ್ಲ. ಹುಲ್ಲು ಬಳಿದು ಹಾಕಿ, ಕುಪ್ಪಸದ ಅಸ್ತರಿನ ನುಣುಪು ಬಟ್ಟೆಯನ್ನು ಗುಂಡಗೆ ಕತ್ತರಿಸಿ ಹಾಸಿದಳು. ದಿನಾ ಬೆಳಿಗ್ಗೆ ಬದಲಿಸಿದಳು. ತಾಯಿಹಕ್ಕಿ ಪಂಜರದ ಸರಳು ಹಿಡಿದು ಕಿರುಚುತ್ತಿತ್ತು.

"ಸುಮ್ನಿರು! ಬಾಣಂತ್ಯಾರೆಲ್ಲಾ ಹಿಂಗ ಒದರ್ತಾರ," ಎಂದು ಗದರುತ್ತಿದ್ದಳು.

ಹನ್ನೆರಡನೆಯ ದಿನ ನೋಡಿದರೆ ಮರಿಯ ಕಾಲುಗಳು ಎರಡು ಕಡೆಗೆ ಚಾಚಿಕೊಂಡಿದ್ದವು. ನಿಲ್ಲಿಸಿದರೆ ಹೊಟ್ಟೆಯ ಮೇಲೆ ಬೀಳುತ್ತಿತ್ತು. ಡಬ್ಬಿಯಲ್ಲಿ ಹತ್ತಿ ಹಾಸಿ ಅದನ್ನಿಟ್ಟುಕೊಂಡು ಚೆಂಬೂರಿಗೆ ಬಸ್ಸು ಹತ್ತಿದಳು. ಅಲ್ಲಿ ಹಕ್ಕಿ ಮಾರುವ ಕಾಶಿನಾಥ ಅವಳಂತೆಯೇ ಬಿಜಾಪುರದ ಕಡೆಯವನು.

"ಗೂಡಿನ್ಯಾಗ ಏನ್ ಹಾಸೀರಿ, ಆಯಿ?"

"ಅಸ್ತರ ಬಟ್ಟಿ. ದಿನಾ ಒಗದದ್ದು."

"ಅದಕ್ಕ ಮತ್ತ! ಕಾಲೂರಿ ಹಿಡಕೊಳ್ಳಾಕ ಹುಲ್ಲು ಬೇಕಲ್ರಿ. ಜಾರಿ ಜಾರಿ ಕಾಲು ಅಗಲಾಗ್ಯಾವ."

ಇಂದ್ರಾಬಾಯಿ ಡಬ್ಬಿಯೊಳಗೆ ಬಗ್ಗಿ ನೋಡಿದಳು. "ಹುಟ್ಟಿದಾಗ್ಲೇ ಹಂಗಿರಲಿಲ್ಲೇನು?"

"ಇಲ್ರಿ. ಚಲೋನ ಇತ್ತು."

ಅವನು ಉಣ್ಣೆಯ ಎಳೆಯಿಂದ ಎರಡು ಕಾಲನ್ನೂ ಜೋಡಿಸಿ ಕಟ್ಟಿಕೊಟ್ಟ. ಎಲುಬು ಬಲಿಯುವ ಮೊದಲೇ ಕಟ್ಟಬೇಕಿತ್ತು, ಈಗ ಎಂಟು ದಿನ ನೋಡಬೇಕು ಅಂದ.

ಎಂಟು ದಿನ ಅವಳು ಗಂಟೆಗೊಮ್ಮೆ ಗಂಟು ನೋಡಿದಳು. ಬಾವು ಬಂದರೆ ಸಡಿಲಿಸಿದಳು, ಜಾರಿದರೆ ಬಿಗಿದಳು. ನೆನೆಸಿದ ನವಣೆ ಅರೆದು ಕಡ್ಡಿಯ ತುದಿಯಿಂದ ಬಾಯಿಗಿಟ್ಟಳು. ಒಂಬತ್ತನೆಯ ದಿನ ಎಳೆ ಕತ್ತರಿಸಿದಳು. ಮರಿ ಒಂದು ಕ್ಷಣ ನಿಂತಿತು. ಆಮೇಲೆ ಕಾಲುಗಳು ನಿಧಾನಕ್ಕೆ, ಬಾಗಿಲು ತೆರೆದಂತೆ, ಆಚೆ ಈಚೆ ಸರಿದವು.

ಫೋನಿನಲ್ಲಿ ಕಾಶಿನಾಥ ಅಂದ: "ಬ್ಯಾಸರ ಮಾಡ್ಕೋಬ್ಯಾಡ್ರಿ. ಇಲ್ಲೇ ತಂದ್ ಬಿಡ್ರಿ, ನಾ ನೋಡ್ಕೋತೀನಿ."

ಹಾಗೆ ಮೆತ್ತಗೆ ಹೇಳುವವರನ್ನು ಅವಳು ವಾರ್ಡಿನಲ್ಲಿ ಕಂಡಿದ್ದಳು. ತಂದುಬಿಟ್ಟರೆ ಅವನು ಮರಿಯನ್ನು ಉಳಿಸುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. "ಬ್ಯಾಡಪಾ, ಇದು ನಾ ಮಾಡಿದ್ದು," ಎಂದು ಫೋನಿಟ್ಟಳು.

ಮರಿ ಈಗ ಚಪ್ಪಲಿಯ ಡಬ್ಬದಲ್ಲಿ, ಒರಟು ಟವೆಲಿನ ಮೇಲೆ ತೆವಳುತ್ತದೆ. ಎದೆಯ ಪುಕ್ಕ ಸವೆದು ಚರ್ಮ ಕಾಣುತ್ತದೆ. ತಾಯಿಹಕ್ಕಿ ಮತ್ತೆ ಮೊಟ್ಟೆಗೆ ಬಂದಾಗ ಇಂದ್ರಾಬಾಯಿ ಬುಟ್ಟಿಯನ್ನೇ ಕಳಚಿ ಅಟ್ಟಕ್ಕೆ ಹಾಕಿದಳು. ಗೂಡು ಗಲೀಜಾದರೆ ತನ್ನ ಕೈ ಸುಮ್ಮನಿರುವುದಿಲ್ಲ ಎಂದು ಅವಳಿಗೆ ಗೊತ್ತು. ತಾಯಿಹಕ್ಕಿ ಈಗ ಸಿಕ್ಕ ಸಿಕ್ಕ ನಾರು, ಉದುರಿದ ಪುಕ್ಕ ತಂದು ಗೂಡಿಗೆಂದು ಕಾಳಿನ ಬಟ್ಟಲಲ್ಲೇ ಕೂಡಿಡುತ್ತದೆ. ಅವಳು ತೆಗೆಯುತ್ತಾಳೆ. ಅದು ಮತ್ತೆ ತರುತ್ತದೆ.