ಭಾನುವಿನ ಬಲಗೈ

೨೦೦೬ರ ಬೇಸಿಗೆ ರಜೆಯಲ್ಲಿ ನಾನೂ ಭಾನುವೂ ಬೆಳಿಗ್ಗೆ ನಮ್ಮೂರು ಹರವೆಯ ಮೈದಾನದಲ್ಲಿ ವಾಲಿಬಾಲ್ ಆಡುತ್ತಿದ್ದೆವು. ಚಾಮರಾಜನಗರದ ಕಾಲೇಜಿನಲ್ಲಿ ಇಬ್ಬರದೂ ಒಂದೇ ಟೀಮು. ಬಿಸಿಲೇರಿದ ಮೇಲೆ ಅವಳ ಅವ್ವ ಮೂಗಮ್ಮನ ಜೊತೆ ಅರಿಸಿನ ಪಾಲಿಶ್ ಮಾಡುವ ಕೂಲಿಗೆ ಹೋಗುತ್ತಿದ್ದೆವು.

ಒಣಗಿದ ಅರಿಸಿನವನ್ನು ತಗಡಿನ ಡ್ರಮ್ಮಿಗೆ ತುಂಬಿ, ಎರಡೂ ಕಡೆ ಹಿಡಿ ಹಿಡಿದು ತಿರುಗಿಸಬೇಕು. ಕೊಂಬುಗಳು ಒಂದಕ್ಕೊಂದು ಉಜ್ಜಿ ಸಿಪ್ಪೆ ಕಳಚುತ್ತವೆ. ಏಳುವ ದೂಳಿಗೆ ಬೆವೆತ ಕೈ ಮೊಣಕೈವರೆಗೂ ಹಳದಿಯಾಗುತ್ತದೆ. ಸೋಪಿಗೂ ಬಗ್ಗದ ಹಳದಿ.

ಒಂದು ಮಧ್ಯಾಹ್ನ ಮೂಗಮ್ಮ ನೀರು ಕುಡಿಯಲು ಹಿಡಿ ಬಿಟ್ಟಳು. ಡ್ರಮ್ಮು ನಿಂತಿತು. ಮೇಸ್ತ್ರಿ ಕುಮಾರಸ್ವಾಮಿ ಬಂದವನೇ ಅವಳ ಸೊಂಟಕ್ಕೆ ಒದ್ದ. ಬಿದ್ದವಳ ತುರುಬು ಹಿಡಿದು ಮತ್ತೆ ಒದ್ದ. ಅವನನ್ನು ಮನುಷ್ಯ ಎನ್ನಲು ನನಗೆ ಈಗಲೂ ಬಾಯಿ ಬರುವುದಿಲ್ಲ.

ಭಾನು ನೆಟ್ಟಿನ ಮೇಲಿಂದ ಚೆಂಡು ಹೊಡೆಯುವ ಹಾಗೆ ಕೈ ಎತ್ತಿ ಅವನ ಕೆನ್ನೆಗೆ ಬಾರಿಸಿದಳು. ತುಟಿ ಒಡೆದು ರಕ್ತ ಬಂತು. ಅವನು ದೊಣ್ಣೆ ಬೀಸಿದ. ಅವಳು ಅಡ್ಡ ಹಿಡಿದ ಎಡಗೈ ಮುರಿದ ಸದ್ದು ನಮಗೆಲ್ಲ ಕೇಳಿಸಿತು. ಕೂಲಿಗೆ ಬಂದಿದ್ದ ನಾವು ಆರು ಹೆಂಗಸರು ಮೇಲೆ ಬಿದ್ದು ಅವನ ದೊಣ್ಣೆ ಕಿತ್ತುಕೊಂಡು, ಅದರಲ್ಲೇ ಅವನನ್ನು ಕೆಡವಿದೆವು.

ಅವನ ಕೆನ್ನೆಯ ಮೇಲೆ ಐದು ಹಳದಿ ಬೆರಳು ಮೂಡಿದ್ದವು. ಮುಂದಿನ ಮೂರು ದಿನ ಆ ಉರಿಬಿಸಿಲಲ್ಲೂ ಮುಖಕ್ಕೆ ಟವೆಲ್ ಸುತ್ತಿಕೊಂಡೇ ಓಡಾಡಿದ.

ಅಂದು ಸಂಜೆ ಭಾನುವಿನ ಕೈಗೆ ಕಟ್ಟು ಹಾಕಿಸಿಕೊಂಡು ಬಸ್ಸಿನಲ್ಲಿ ಬರುವಾಗ ನಾನು ಅತ್ತೆ. "ಈ ವರ್ಸ ನೀನು ಆಡಕ್ಕಾಗಲ್ವಲ್ಲಮ್ಮಿ."

ಅವಳು ಹಳದಿ ಅಂಗೈಯನ್ನು ನನ್ನ ಮುಂದೆ ಬಿಚ್ಚಿದಳು.

"ಸರ್ವಿಸ್ ಹೊಡ್ಯೋದು ಈ ಕೈಲಿ ಕಣಮ್ಮಿ."