ಸುಶೀಲಾಳ ಚಿನ್ನದ ಓಲೆ

ಇವತ್ತು ಗೆಣಸಿನ ಬಳ್ಳಿಯ ತೂತುಬಿದ್ದ ಎಲೆಯೊಂದನ್ನು ಮಗುಚಿದೆ. ಅಡಿಯಲ್ಲಿ ಚಿನ್ನದ ಹುಳ ಕೂತಿತ್ತು. ತೊಗರಿಬೇಳೆಯಷ್ಟು ಮೈ, ಸುತ್ತ ಗಾಜಿನಂಥ ಅಂಚು, ನಡುವೆ ಅಪ್ಪಟ ಬಂಗಾರ.

ಬಸರೀಕಟ್ಟೆಯ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಸುಶೀಲಾಳ ಕಿವಿಯಲ್ಲಿ ಓಲೆಯ ಬದಲು ಪೊರಕೆಯ ಹಿಡಿಕಡ್ಡಿಯ ಚೂರಿತ್ತು. ಅವಳಮ್ಮ ನಮ್ಮ ಕಾಫಿ ತೋಟದ ಕೆಲಸಕ್ಕೆ ಬರುತ್ತಿದ್ದಳು. ನನ್ನಕ್ಕನ ಮದುವೆಯ ದಿನ ಸುಶೀಲಾ ನನ್ನ ಓಲೆಯನ್ನೇ ನೋಡುತ್ತಿದ್ದಳು.

"ನಿಂಗೂ ಚಿನ್ನದ್ದು ಹಾಕ್ತೀನಿ, ಬಾ" ಎಂದು ಹಿತ್ತಲಿಗೆ ಕರೆದೊಯ್ದು, ಎರಡು ಹುಳ ಹಿಡಿದು, ಹಲಸಿನ ಮೇಣದಿಂದ ಅವಳ ಕಿವಿಗೆ ಜೀವಂತ ಅಂಟಿಸಿದೆ.

"ಕಚಗುಳಿ ಆಗ್ತದೆ ಮಾರಾಯ್ತಿ" ಎಂದು ನಕ್ಕಳು.

ಊಟದ ಹೊತ್ತಿಗೆ ಹುಳ ಸತ್ತು ಕಂದುಬಣ್ಣಕ್ಕೆ ತಿರುಗಿದ್ದವು. ಬಡಿಸುತ್ತಿದ್ದ ಚಿಕ್ಕಮ್ಮ ಬಗ್ಗಿ ನೋಡಿದರು.

"ಎಂತದೆ ಇದು, ಕಿವಿಗೆ ಹುಳ ಬಿದ್ದಿದ್ಯಲ್ಲ. ಏಳು, ಹೊರಗೆ ಹೋಗು."

ಪಂಕ್ತಿಯೇ ನಕ್ಕಿತು. ನಾನೂ ನಕ್ಕೆ. ಅವಳಮ್ಮ ಹೊರಗೆ ಎಳೆದೊಯ್ದು, ಎಣ್ಣೆಯನ್ನೂ ಹಚ್ಚದೆ ಕಿತ್ತಳು. ಮೇಣದ ಜೊತೆ ಚರ್ಮವೂ ಬಂತು.

ಸುಶೀಲಾ ನನ್ನ ಹೆಸರು ಹೇಳಲಿಲ್ಲ. ಮರುದಿನ ಶಾಲೆಯಲ್ಲಿ, "ನೀ ಕೊಟ್ಟ ಓಲೆ ನಾನು ಹಾಳು ಮಾಡ್ಬಿಟ್ಟೆ ಕಣೇ" ಎಂದಳು.

ಸತ್ತರೆ ಚಿನ್ನ ಹೋಗುತ್ತದೆಂದು ನನಗೆ ಮೊದಲೇ ಗೊತ್ತಿತ್ತು. ನನ್ನ ಬೆಂಕಿಪೊಟ್ಟಣದ ತುಂಬ ಅಂಥ ಸತ್ತ ಕಂದು ಹುಳಗಳೇ ಇದ್ದವು.

ಇವತ್ತಿನದನ್ನೂ ಹೊಸಕಿ ಹಾಕಿದೆ. ಗೆಣಸಿನ ಎಲೆ ಉಳಿಯಬೇಕಲ್ಲ.